ಸಾಯದ, ಮುಪ್ಪಾಗದ ಕುರಿಗಳು

ಕಳೆದ ಸ್ವಾತಂತ್ರ್ಯ ದಿನಾಚರಣೆಗೆ ನನ್ನ ಮೊಮ್ಮಗಳನ್ನು ಕರೆದುಕೊಂಡು ನಮ್ಮೂರಿಗೆ ಹೋಗಿದ್ದೆ. ತುಮಕೂರು ಜಿಲ್ಲೆಯ ಪುಟ್ಟ ಊರು. ನಾನು ಓದಿದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಈಗಲೂ ಅಲ್ಲೇ ಇದೆ. ಧ್ವಜಾರೋಹಣ ಆಯಿತು, ಭಾಷಣ ಆಯಿತು, ಬಹುಮಾನಗಳ ಸರದಿ ಬಂತು. ಮುಖ್ಯೋಪಾಧ್ಯಾಯಿನಿಯವರು ಮೈಕಿನಲ್ಲಿ ನನ್ನ ತಾಯಿಯ ಹೆಸರು ಹೇಳಿ, "ಇವರ ಸ್ಮಾರಕ ದತ್ತಿ ಬಹುಮಾನ, ಏಳನೇ ತರಗತಿಯ ಗಣಿತದಲ್ಲಿ ಮೊದಲು ಬಂದ ಹುಡುಗಿಗೆ" ಎಂದರು. ಹಿಂದಿನ ಸಾಲಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಓಡಿ ಬಂದು ಲಕೋಟೆ ತೆಗೆದುಕೊಂಡಳು. ನನಗೆ ಎದೆ ತುಂಬಿ ಬಂತು.

ಕಾರ್ಯಕ್ರಮ ಮುಗಿದ ಮೇಲೆ ಜಗಲಿಯಲ್ಲಿ ಮಕ್ಕಳೆಲ್ಲ ಸೇರಿ ಲಕೋಟೆ ಬಿಚ್ಚಿದರು. ಒಳಗಿದ್ದದ್ದು ನೂರಮೂವತ್ತು ರೂಪಾಯಿ. ಯಾರೂ ನಗಲಿಲ್ಲ, ಏನೂ ಅನ್ನಲಿಲ್ಲ. ಆ ಹುಡುಗಿ ನೋಟುಗಳನ್ನು ಮಡಿಸಿ ಮತ್ತೆ ಲಕೋಟೆಗೆ ಹಾಕಿಕೊಂಡಳು. ನನ್ನ ಮೊಮ್ಮಗಳು ಮಾತ್ರ ಬಸ್ಸಿನಲ್ಲಿ ಬರುವಾಗ ಮೆಲ್ಲಗೆ ಕೇಳಿದಳು: "ತಾತ, ಆ ದುಡ್ಡಿಗೆ ಒಂದು ಜಾಮಿಟ್ರಿ ಬಾಕ್ಸ್ ಕೂಡ ಬರಲ್ಲ ಅಲ್ವಾ?"

"ಬರಲ್ಲ ಪುಟ್ಟಿ."

"ಹಾಗಾದ್ರೆ ಮುತ್ತಜ್ಜಿ ದುಡ್ಡನ್ನ ಯಾರೋ ಕದ್ದಿದ್ದಾರೆ."

ಯಾರೂ ಕದ್ದಿರಲಿಲ್ಲ. ಲೆಕ್ಕ ಪೈಸೆ ಪೈಸೆಗೂ ಸರಿಯಾಗಿತ್ತು. ಅದು ನನಗೆ ಚೆನ್ನಾಗಿ ಗೊತ್ತು. ಏಕೆಂದರೆ ಆ ಠೇವಣಿಯ ರಸೀದಿಯನ್ನು ಬರೆದವನು ನಾನೇ.

ಎರಡು ಸಾವಿರದ ಕಥೆ

ನನ್ನ ತಾಯಿ ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವರು. ಆದರೆ ಹಾಲಿನ ಲೆಕ್ಕ, ರಾಗಿಯ ಲೆಕ್ಕ, ಕೂಲಿಯ ಲೆಕ್ಕ ಎಲ್ಲವೂ ಬಾಯಲ್ಲೇ ಆಗಬೇಕು. ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನ ಗೀಟುಗಳೇ ಅವರ ಲೆಡ್ಜರು. ನಾನು ಬಿ.ಕಾಂ. ಪಾಸು ಮಾಡಿ ಬ್ಯಾಂಕಿನ ಗುಮಾಸ್ತನಾದಾಗಲೂ ಬಡ್ಡಿ ಲೆಕ್ಕದಲ್ಲಿ ನನಗಿಂತ ಮೊದಲು ಉತ್ತರ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ, 1982ರಲ್ಲಿ, ನಮ್ಮ ತಂದೆಯವರು ಎರಡು ಸಾವಿರ ರೂಪಾಯಿ ತಂದು ನನ್ನ ಕೌಂಟರಿನ ಮೇಲಿಟ್ಟರು. "ಇವಳ ಹೆಸರಲ್ಲಿ ಊರ ಶಾಲೆಗೆ ಒಂದು ದತ್ತಿ ಮಾಡು. ಲೆಕ್ಕದಲ್ಲಿ ಮುಂದಿರೋ ಹೆಣ್ಣುಮಗುವಿಗೆ ವರ್ಷಾ ವರ್ಷಾ ಏನಾದರೂ ಸಿಗಲಿ" ಎಂದರು.

ಆಗ ದೀರ್ಘಾವಧಿ ಠೇವಣಿಗೆ ಶೇಕಡಾ ಹತ್ತರ ಬಡ್ಡಿ. ಅಂದರೆ ವರ್ಷಕ್ಕೆ 200 ರೂಪಾಯಿ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಮೊದಲ ವರ್ಷದ ಬಹುಮಾನದಲ್ಲಿ ಒಂದು ಕನ್ನಡ ನಿಘಂಟು, ಒಂದು ಜಾಮಿಟ್ರಿ ಬಾಕ್ಸ್, ಒಂದು ಡಜನ್ ನೋಟ್‌ಬುಕ್ಕು, ಲಂಗಕ್ಕೆ ಬಟ್ಟೆ, ಇಷ್ಟನ್ನೂ ಕೊಟ್ಟಿದ್ದರು. ದತ್ತಿಪತ್ರವನ್ನು ನಾನೇ ಬರೆದೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: "ಬಂದ ಬಡ್ಡಿಯನ್ನು ಪೂರ್ತಿಯಾಗಿ ಪ್ರತಿ ವರ್ಷ ಬಹುಮಾನಕ್ಕೆ ವಿನಿಯೋಗಿಸತಕ್ಕದ್ದು."

ತಪ್ಪು ಇದ್ದದ್ದು ಆ ವಾಕ್ಯದಲ್ಲಿ. ಬಡ್ಡಿಯನ್ನೆಲ್ಲ ಪ್ರತಿ ವರ್ಷ ಖರ್ಚು ಮಾಡಿದರೆ ಅಸಲು ಇದ್ದಷ್ಟೇ ಇರುತ್ತದೆ. ನಲವತ್ತು ವರ್ಷಗಳಲ್ಲಿ ಅಕ್ಕಿ, ಬಟ್ಟೆ, ಪುಸ್ತಕ, ಬಸ್ ಚಾರ್ಜು ಎಲ್ಲದರ ಬೆಲೆಯೂ ಹತ್ತಾರು ಪಟ್ಟು ಏರಿತು. ನಮ್ಮ ಎರಡು ಸಾವಿರ ಮಾತ್ರ ಎರಡು ಸಾವಿರವಾಗಿಯೇ ಉಳಿಯಿತು. ಬಡ್ಡಿ ದರ ಹತ್ತರಿಂದ ಆರೂವರೆಗೆ ಇಳಿಯಿತು. ಎರಡು ಸಾವಿರಕ್ಕೆ ಆರೂವರೆಯಂತೆ ನೂರಮೂವತ್ತು ರೂಪಾಯಿ. ಮೊಮ್ಮಗಳು ಹೇಳಿದ ಕಳ್ಳ ಇದ್ದದ್ದು ನಿಜ. ಅವನ ಹೆಸರು ಬೆಲೆಯೇರಿಕೆ. ಬ್ಯಾಂಕಿನಲ್ಲಿ ಕುಳಿತು ಸಾವಿರಾರು ಜನರ ಬಡ್ಡಿ ಲೆಕ್ಕ ಹಾಕಿದ ನಾನು ಆ ಕಳ್ಳನಿಗೆ ಬಾಗಿಲು ತೆರೆದಿಟ್ಟಿದ್ದೆ.

ಶಾಸನಗಳು ಹೇಳುವ ಪಾಠ

ಊರಿಂದ ಬಂದ ಮೇಲೆ ಈ ವಿಷಯವನ್ನು ಬಿಡದೆ ಯೋಚಿಸಿದೆ. ಶಾಶ್ವತವಾಗಿ ನಡೆಯುವ ದಾನ ಎಂಬುದು ನಮ್ಮ ನಾಡಿಗೆ ಹೊಸದೇನಲ್ಲ. ನಮ್ಮ ದೇವಾಲಯಗಳ ಶಾಸನಗಳಲ್ಲಿ 'ನಂದಾದೀವಿಗೆ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ನಂದಾದೀವಿಗೆ ಎಂದರೆ ಆರದ ದೀಪ. ಭಕ್ತನೊಬ್ಬ ಇಷ್ಟು ಗದ್ಯಾಣ, ಅಂದರೆ ಚಿನ್ನದ ನಾಣ್ಯ, ಕೊಡುತ್ತಾನೆ. ಊರಿನ ಮಹಾಜನರೋ ದೇವಸ್ಥಾನದವರೋ ಅದನ್ನು ಇಟ್ಟುಕೊಂಡು, ಅದರ ಬಡ್ಡಿಯಿಂದ ದೀಪಕ್ಕೆ ಎಣ್ಣೆ ಒದಗಿಸುತ್ತೇವೆಂದು ಒಪ್ಪಿಕೊಳ್ಳುತ್ತಾರೆ. ಇವತ್ತಿನ ಎಫ್.ಡಿ.ಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ರಸೀದಿ ಕಾಗದದ್ದಲ್ಲ, ಕಲ್ಲಿನದು, ಅಷ್ಟೇ.

ಪಕ್ಕದ ತಮಿಳುನಾಡಿನ ದೇವಸ್ಥಾನಗಳಲ್ಲಿ ಚೋಳರ ಕಾಲದ, ಅಂದರೆ ಸುಮಾರು ಸಾವಿರ ವರ್ಷ ಹಿಂದಿನ, ಶಾಸನಗಳಿವೆ. ಅಲ್ಲಿ ಇನ್ನೂ ಸೊಗಸಾದ ಏರ್ಪಾಡು. ಒಂದು ನಂದಾದೀಪಕ್ಕೆ 96 ಕುರಿಗಳನ್ನು ದಾನ ಕೊಡುವುದು ವಾಡಿಕೆ. ಕುರಿಗಳನ್ನು ಕುರುಬರಿಗೆ ವಹಿಸುತ್ತಾರೆ. ಅವರು ದಿನಕ್ಕೆ ಇಷ್ಟು ಅಳತೆಯ ತುಪ್ಪವನ್ನು ದೀಪಕ್ಕೆ ತಂದು ಸುರಿಯಬೇಕು. ಶಾಸನಗಳು ಆ ಕುರಿಗಳನ್ನು 'ಸಾಯದ, ಮುಪ್ಪಾಗದ ಕುರಿಗಳು' ಎಂದು ಕರೆಯುತ್ತವೆ.

ಇದನ್ನು ಹೇಳಿದಾಗ ಮೊಮ್ಮಗಳು ನಕ್ಕಳು. "ಕುರಿ ಸಾಯದೆ ಇರುತ್ತಾ ತಾತ?"

"ಒಂದೊಂದು ಕುರಿಯೂ ಸಾಯುತ್ತೆ. ಮಂದೆ ಸಾಯಲ್ಲ."

"ಯಾಕೆ?"

"ನೀನೇ ಹೇಳು."

ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: "ಮರಿ ಹಾಕುತ್ತಲ್ಲ, ಅದಕ್ಕೆ!"

ಅಷ್ಟೇ ವಿಷಯ. ಮುದಿಯಾದ ಕುರಿಯ ಜಾಗಕ್ಕೆ ಮರಿಯೊಂದು ಬಂದು ಸೇರುತ್ತದೆ. ಮಂದೆಯ ಸಂಖ್ಯೆ 96 ಆಗಿಯೇ ಉಳಿಯುತ್ತದೆ. ಹಾಲೂ ಸಿಗುತ್ತದೆ, ತುಪ್ಪವೂ ಆಗುತ್ತದೆ, ದೀಪವೂ ಉರಿಯುತ್ತದೆ. ಆದರೆ ಹುಟ್ಟಿದ ಮರಿಗಳನ್ನೆಲ್ಲ ಮಾರಿಬಿಟ್ಟರೆ? ಹತ್ತು ಹನ್ನೆರಡು ವರ್ಷದಲ್ಲಿ ಮಂದೆಯೂ ಇಲ್ಲ, ದೀಪವೂ ಇಲ್ಲ. ದತ್ತಿಯಲ್ಲಿ ಅಸಲು ಎಂಬುದು ಮಂದೆ, ಬಡ್ಡಿ ಎಂಬುದು ಹಾಲು ಮತ್ತು ಮರಿ ಎರಡೂ. ಹಾಲನ್ನು ಬಳಸಬಹುದು. ಕೆಲವು ಮರಿಗಳನ್ನಾದರೂ ಮಂದೆಗೆ ಬಿಡಲೇಬೇಕು. ನಾನು ಬರೆದ ದತ್ತಿಪತ್ರದಲ್ಲಿ ಮರಿಗಳನ್ನೆಲ್ಲ ಮಾರಿಬಿಟ್ಟಿದ್ದೆ.

ಶಾಸನಗಳ ಕೊನೆಯಲ್ಲಿ ಶಾಪದ ಮಾತುಗಳಿರುತ್ತವೆ. ಈ ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಹಸುಗಳನ್ನು ಕೊಂದ ಪಾಪ ಬರುತ್ತದೆ, ಇತ್ಯಾದಿ. ಅದರ ಜೊತೆಗೆ ಇನ್ನೊಂದು ಮಾತೂ ಅನೇಕ ಕಡೆ ಇದೆ. ದಾನ ಕೊಡುವುದು, ಕೊಟ್ಟ ದಾನವನ್ನು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಹೆಚ್ಚಿನದು ಎಂಬುದು ಅದರ ತಾತ್ಪರ್ಯ. ಚಿಕ್ಕಂದಿನಲ್ಲಿ ಮೇಷ್ಟ್ರು ಇದನ್ನು ಹೇಳಿಕೊಟ್ಟಾಗ ಅರ್ಥವಾಗಿರಲಿಲ್ಲ. ನೂರಮೂವತ್ತು ರೂಪಾಯಿಯ ಲಕೋಟೆ ನೋಡಿದ ಮೇಲೆ ಅರ್ಥವಾಯಿತು.

ಇದು ನಮ್ಮಂಥ ಸಣ್ಣವರ ಕಷ್ಟ ಮಾತ್ರವಲ್ಲ. ನಮ್ಮ ಸಿ.ವಿ. ರಾಮನ್ ಅವರಿಗೆ 1930ರಲ್ಲಿ ಬಂದ ನೊಬೆಲ್ ಬಹುಮಾನ ಎಲ್ಲ ಮಕ್ಕಳಿಗೂ ಗೊತ್ತು. ಅದೂ ಒಂದು ದತ್ತಿಯೇ. ಸ್ವೀಡನ್ನಿನ ಆಲ್‌ಫ್ರೆಡ್ ನೊಬೆಲ್ 1895ರಲ್ಲಿ ಉಯಿಲು ಬರೆದು ತನ್ನ ಆಸ್ತಿಯ ಬಹುಭಾಗವನ್ನು, ಸುಮಾರು 3 ಕೋಟಿ 10 ಲಕ್ಷ ಕ್ರೋನರ್, ಇದಕ್ಕಾಗಿ ಬಿಟ್ಟ. 1901ರಲ್ಲಿ ಮೊದಲ ಬಹುಮಾನ ಕೊಟ್ಟರು. ಮುಂದೆ ತೆರಿಗೆ, ಬೆಲೆಯೇರಿಕೆ ಎರಡೂ ಸೇರಿ ಬಹುಮಾನದ ನಿಜವಾದ ಬೆಲೆ ದಶಕಗಳ ಕಾಲ ಕುಗ್ಗುತ್ತಾ ಹೋಯಿತು. 1950ರ ದಶಕದಲ್ಲಿ ಹಣ ತೊಡಗಿಸುವ ನಿಯಮಗಳನ್ನು ಬದಲಾಯಿಸಿದ ಮೇಲೆಯೇ ನಿಧಿ ಚೇತರಿಸಿಕೊಂಡದ್ದು. ನೊಬೆಲ್ ಕೊಟ್ಟ, ನಿಜ. ನಂತರದವರು ಕಾಪಾಡಿದ್ದರಿಂದ ಅದು ಉಳಿಯಿತು.

ಬಾಳುವ ದಾನಕ್ಕೆ ದಾರಿಗಳು

ಅಜ್ಜ ಅಜ್ಜಿಯರು ನನ್ನನ್ನು ಆಗಾಗ ಕೇಳುವುದುಂಟು: "ನಮ್ಮ ಕಾಲದ ನಂತರವೂ ನಡೆಯೋ ಹಾಗೆ ಏನಾದರೂ ಮಾಡಬೇಕು, ಹೇಗೆ?" ಬ್ಯಾಂಕಿನ ಅನುಭವದಿಂದ ನನಗೆ ಗೊತ್ತಿರುವ ದಾರಿಗಳನ್ನು ಹೇಳುತ್ತೇನೆ.

*ಒಂದು, ದತ್ತಿನಿಧಿ.* ಈಗಾಗಲೇ ಚೆನ್ನಾಗಿ ನಡೆಯುತ್ತಿರುವ ಶಾಲೆ, ಕಾಲೇಜು, ಗ್ರಂಥಾಲಯ, ಅನಾಥಾಶ್ರಮ, ಆಸ್ಪತ್ರೆಗೆ ಮೂಲಧನ ಕೊಟ್ಟು, ಬಡ್ಡಿಯಿಂದ ಇಂಥ ಕೆಲಸ ಆಗಲಿ ಎಂದು ಬರೆದುಕೊಡುವುದು. ವಿಶ್ವವಿದ್ಯಾಲಯಗಳ ಚಿನ್ನದ ಪದಕಗಳು ಹೆಚ್ಚಾಗಿ ಹೀಗೆ ನಡೆಯುತ್ತವೆ. 1915ರಲ್ಲಿ ಆರಂಭವಾದ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಇಂಥ ನೂರಾರು ದತ್ತಿಗಳಿದ್ದು, ಅವುಗಳ ಉಪನ್ಯಾಸ, ಪ್ರಶಸ್ತಿಗಳು ನಡೆಯುತ್ತಿರುತ್ತವೆ. ಸಾಮಾನ್ಯ ಜನಕ್ಕೆ ಇದೇ ಸುಲಭದ ದಾರಿ.

ಟ್ರಸ್ಟ್ ಅಥವಾ ಸಂಘಕ್ಕೆ ಕೊಡುವುದಾದರೆ ಒಂದು ಎಚ್ಚರ. ಚೆಕ್ಕಿನ ಜೊತೆ "ಈ ಹಣವನ್ನು ಮೂಲನಿಧಿಗೆ, ಅಂದರೆ ಕಾರ್ಪಸ್‌ಗೆ, ಸೇರಿಸತಕ್ಕದ್ದು" ಎಂದು ಸ್ಪಷ್ಟವಾಗಿ ಪತ್ರ ಬರೆದುಕೊಡಿ. ಟ್ರಸ್ಟುಗಳು ತೆರಿಗೆ ವಿನಾಯಿತಿ ಪಡೆಯಲು ವರ್ಷದ ವರಮಾನದಲ್ಲಿ ಶೇಕಡಾ 85ರಷ್ಟನ್ನು ಸತ್ಕಾರ್ಯಗಳಿಗೆ ಬಳಸಬೇಕೆಂಬ ನಿಯಮವಿದೆ. ಪತ್ರವಿಲ್ಲದ ದೇಣಿಗೆ ಆ ವರ್ಷದ ವರಮಾನಕ್ಕೆ ಸೇರಿ ಖರ್ಚಾಗಿಬಿಡಬಹುದು. ಅವರ ದೋಷವಲ್ಲ, ನೀವು ಹೇಳಿರಲಿಲ್ಲ.

*ಎರಡು, ಸುತ್ತುವ ನಿಧಿ.* ಜಮ್‌ಶೆಟ್‌ಜಿ ಟಾಟಾ ಅವರು 1892ರಲ್ಲಿ ಉನ್ನತ ವ್ಯಾಸಂಗಕ್ಕೆ ಒಂದು ದತ್ತಿ ಇಟ್ಟರು. ಅದು ವಿದ್ಯಾರ್ಥಿಗಳಿಗೆ ಸಾಲದ ರೂಪದಲ್ಲಿ ಹಣ ಕೊಡುತ್ತದೆ. ಓದಿ ಕೆಲಸಕ್ಕೆ ಸೇರಿದವರು ಮರಳಿಸುತ್ತಾರೆ. ಆ ಹಣ ಮುಂದಿನವರಿಗೆ ಹೋಗುತ್ತದೆ. ಊರಿನ ಹಳೆಯ ವಿದ್ಯಾರ್ಥಿ ಸಂಘಗಳೂ ಇದನ್ನು ಸಣ್ಣದಾಗಿ ಮಾಡಬಹುದು. ಕಾಲೇಜು ಸೇರುವ ಮಗುವಿಗೆ ಬಡ್ಡಿಯಿಲ್ಲದೆ ಕೊಟ್ಟು, ಕೆಲಸ ಸಿಕ್ಕ ಮೇಲೆ "ನಿನ್ನ ನಂತರದವರಿಗೆ ಕೊಡು" ಎನ್ನಬಹುದು.

*ಮೂರು, ಉಯಿಲು.* ನಮ್ಮ ವಯಸ್ಸಿನವರಿಗೆ ಇದು ಬಹಳ ಅನುಕೂಲ. ಬದುಕಿರುವವರೆಗೆ ಹಣ ನಮ್ಮ ಕೈಯಲ್ಲೇ ಇರುತ್ತದೆ. ಆಸ್ಪತ್ರೆಗೆ, ಔಷಧಿಗೆ ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಉಳಿದದ್ದು ನಂತರ ಸಂಸ್ಥೆಗೆ. ಉಯಿಲಿಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಆದರೆ ಇಬ್ಬರು ಸಾಕ್ಷಿಗಳು ಸಹಿ ಹಾಕಲೇಬೇಕು. ಉಯಿಲಿನಿಂದ ಲಾಭ ಪಡೆಯುವವರನ್ನು ಸಾಕ್ಷಿಯಾಗಿ ಮಾಡಿಕೊಳ್ಳದಿರುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯದೇ ಊರ್ಜಿತ. ಸ್ವಂತ ದುಡಿಮೆಯ ಆಸ್ತಿಯನ್ನು ಇಷ್ಟ ಬಂದಂತೆ ಬರೆಯಬಹುದು. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲನ್ನಷ್ಟೇ.

"ಅನಾಥಾಶ್ರಮಕ್ಕೆ ಒಂದು ಲಕ್ಷ" ಎಂದು ಬರೆದರೆ ಯಾವ ಆಶ್ರಮ ಎಂದು ಜಗಳವಾಗುತ್ತದೆ. ಸಂಸ್ಥೆಯ ನೋಂದಾಯಿತ ಪೂರ್ಣ ಹೆಸರು, ವಿಳಾಸ ಬರೆಯಿರಿ. ಆ ಸಂಸ್ಥೆಯೇ ಮುಚ್ಚಿಹೋಗಿದ್ದರೆ ಯಾರಿಗೆ ಎಂಬುದನ್ನೂ ಬರೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳನ್ನು ಕೂರಿಸಿಕೊಂಡು ಮೊದಲೇ ಹೇಳಿಬಿಡಿ. ಗುಟ್ಟಾಗಿಟ್ಟ ಉಯಿಲು ಹದಿಮೂರನೇ ದಿನ ಹೊರಗೆ ಬಂದರೆ ದಾನದ ಹೆಸರಿನಲ್ಲಿ ಮನೆ ಒಡೆಯುತ್ತದೆ.

*ನಾಲ್ಕು, ದಾನಪತ್ರ.* ಮನೆ, ಸೈಟು, ಜಮೀನನ್ನು ಬದುಕಿರುವಾಗಲೇ ಕೊಡುವುದಾದರೆ ದಾನಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಇಬ್ಬರು ಸಾಕ್ಷಿಗಳೂ ಬೇಕು. ಒಮ್ಮೆ ಕೊಟ್ಟರೆ ಸಾಮಾನ್ಯವಾಗಿ ಹಿಂದಕ್ಕೆ ಪಡೆಯಲಾಗದು. ತಲೆಯ ಮೇಲಿನ ಸೂರನ್ನು ಕೊಡುವ ಮುಂಚೆ ನೂರು ಸಲ ಯೋಚಿಸಿ. ಅಂಥ ಆಸೆ ಇದ್ದರೆ ಅದನ್ನು ಉಯಿಲಿಗೆ ಬಿಡುವುದು ಮೇಲು.

*ಐದು, ಸ್ವಂತ ಟ್ರಸ್ಟ್.* ನಮ್ಮ ಹೆಸರಿನದೇ ಟ್ರಸ್ಟ್ ಇರಲಿ ಎಂಬ ಆಸೆ ಅನೇಕರಿಗೆ. ಆದರೆ ನೋಂದಣಿ, ಪ್ಯಾನ್, ಲೆಕ್ಕಪತ್ರ, ಆಡಿಟ್, ತೆರಿಗೆ ಇಲಾಖೆಯ ಕಾಗದ ಇವೆಲ್ಲ ಪ್ರತಿ ವರ್ಷವೂ ಇದ್ದದ್ದೇ. ನಾವು ಹೋದ ಮೇಲೆ ಇದನ್ನು ಹೊರುವವರು ಯಾರು? ಮೊತ್ತ ದೊಡ್ಡದಾಗಿದ್ದು, ಹೊಣೆ ಹೊರುವ ಕಿರಿಯರು ಇದ್ದರೆ ಮಾತ್ರ ಈ ದಾರಿ. ಇಲ್ಲದಿದ್ದರೆ ಮೊದಲನೆಯ ದಾರಿಯೇ ಸಾಕು.

ತೆರಿಗೆ ಉಳಿತಾಯದ ಬಗ್ಗೆಯೂ ಕೇಳುತ್ತಾರೆ. 80ಜಿ ಎಂದು ನಾವೆಲ್ಲ ಹೇಳಿ ರೂಢಿಯಾದ ವಿನಾಯಿತಿ, ಅದಕ್ಕೆ ಅನುಮತಿ ಪಡೆದ ಸಂಸ್ಥೆಗಳಿಗೆ ಕೊಟ್ಟರೆ ಮತ್ತು ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ ಸಿಗುತ್ತದೆ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಸಿಗುವುದಿಲ್ಲ. ಆದ್ದರಿಂದ ಚೆಕ್ಕು ಅಥವಾ ಖಾತೆಯ ಮೂಲಕವೇ ಕೊಡಿ, ರಸೀದಿ ಪಡೆಯಿರಿ.

ಬೀರುವಿನಲ್ಲಿ ಮಲಗಿದ ರಸೀದಿ

ಬೆಲೆಯೇರಿಕೆಗಿಂತ ದೊಡ್ಡ ಕಳ್ಳ ಇನ್ನೊಬ್ಬನಿದ್ದಾನೆ. ಅವನ ಹೆಸರು ಮರೆವು.

ನಾನು ಕೆಲಸ ಮಾಡುತ್ತಿದ್ದ ಒಂದು ಶಾಖೆಯಲ್ಲಿ ಒಂದು ಶಾಲೆಯ ಹೆಸರಿನ ಠೇವಣಿ ವಾಯಿದೆ ಮುಗಿದು ಒಂಬತ್ತು ವರ್ಷ ಕಳೆದಿತ್ತು. ಯಾರೂ ಬಂದಿರಲಿಲ್ಲ. ದಾನಿ ತೀರಿಕೊಂಡಿದ್ದರು, ಆಗಿನ ಮುಖ್ಯೋಪಾಧ್ಯಾಯರು ನಿವೃತ್ತರಾಗಿದ್ದರು, ಹೊಸಬರಿಗೆ ಅಂಥದೊಂದು ಠೇವಣಿ ಇರುವುದೇ ಗೊತ್ತಿರಲಿಲ್ಲ. ನಾವು ಬರೆದ ಪತ್ರ ಹಳೆಯ ವಿಳಾಸದಿಂದ ವಾಪಸಾಗಿತ್ತು. ಕೊನೆಗೆ ಒಬ್ಬರು ಹುಡುಕಿದಾಗ ರಸೀದಿ ಶಾಲೆಯ ಬೀರುವಿನಲ್ಲಿ, ಹಳೇ ಹಾಜರಿ ಪುಸ್ತಕದ ಒಳಗೆ ಸಿಕ್ಕಿತು. ಒಂಬತ್ತು ವರ್ಷ ಒಂಬತ್ತು ಮಕ್ಕಳಿಗೆ ಸಿಗಬೇಕಿದ್ದ ಬಹುಮಾನ ಸಿಕ್ಕಿರಲಿಲ್ಲ.

ಇವತ್ತು ಹತ್ತು ವರ್ಷ ಯಾರೂ ಕೇಳದ ಠೇವಣಿಗಳನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ವರ್ಗಾಯಿಸುತ್ತವೆ. 2014ರಿಂದ ಈ ಏರ್ಪಾಡು ಇದೆ. ಹಣ ಮುಳುಗುವುದಿಲ್ಲ. ಸರಿಯಾದ ವಾರಸುದಾರರು ಬ್ಯಾಂಕಿಗೆ ಅರ್ಜಿ ಕೊಟ್ಟು ಮರಳಿ ಪಡೆಯಬಹುದು. ಹುಡುಕುವುದಕ್ಕಾಗಿ ರಿಸರ್ವ್ ಬ್ಯಾಂಕ್ 2023ರಲ್ಲಿ 'ಉದ್ಗಮ್' ಎಂಬ ತಾಣವನ್ನೂ ಆರಂಭಿಸಿದೆ. ಮೊಬೈಲು ಹಿಡಿದ ಮೊಮ್ಮಕ್ಕಳು ಅಜ್ಜ ಅಜ್ಜಿಯರಿಗೆ ಈ ಸಹಾಯ ಮಾಡಬಹುದು.

ಇನ್ನೊಂದು ತಪ್ಪು ತಿಳಿವಳಿಕೆ. "ನನ್ನ ಎಫ್.ಡಿ.ಗೆ ಅನಾಥಾಶ್ರಮವನ್ನೇ ನಾಮಿನಿ ಮಾಡಿಬಿಡಿ" ಎಂದು ಒಬ್ಬ ಅಜ್ಜಿ ನನ್ನ ಕೌಂಟರಿಗೆ ಬಂದಿದ್ದರು. ಬ್ಯಾಂಕ್ ಠೇವಣಿಗೆ ವ್ಯಕ್ತಿಗಳನ್ನು ಮಾತ್ರ ನಾಮಿನಿ ಮಾಡಬಹುದು, ಸಂಸ್ಥೆಯನ್ನಲ್ಲ. ಮೇಲಾಗಿ ನಾಮಿನಿ ಎಂದರೆ ಹಣ ಕೈಗೆ ತೆಗೆದುಕೊಳ್ಳುವವನು, ಮಾಲೀಕನಲ್ಲ. ಆಶ್ರಮಕ್ಕೆ ಹೋಗಬೇಕಾದರೆ ಉಯಿಲೇ ಬೇಕು. ಆ ಅಜ್ಜಿಗೆ ಹೀಗೆಂದು ಹೇಳಿದೆ. ಮಾರನೇ ವಾರ ಉಯಿಲಿನ ಜೆರಾಕ್ಸ್ ತಂದು, ಸರಿಯಿದೆಯೇ ನೋಡಿ ಎಂದು ನನ್ನ ಮುಂದೆ ಹಿಡಿದರು.

ದತ್ತಿಪತ್ರದಲ್ಲಿ ಇರಬೇಕಾದದ್ದು

ನನ್ನ ತಪ್ಪಿನಿಂದ ಕಲಿತು ಈ ಪಟ್ಟಿ ಮಾಡಿದ್ದೇನೆ. ಕತ್ತರಿಸಿ ಇಟ್ಟುಕೊಳ್ಳಬಹುದು.

1. ಠೇವಣಿ ಸಂಸ್ಥೆಯ ಹೆಸರಿನಲ್ಲಿರಲಿ, ಯಾವುದೇ ವ್ಯಕ್ತಿಯ ಹೆಸರಿನಲ್ಲಿ ಬೇಡ. ಸರ್ಕಾರಿ ಶಾಲೆಯಾದರೆ ಮುಖ್ಯೋಪಾಧ್ಯಾಯರು ಮತ್ತು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರ ಜಂಟಿ ಸಹಿಯ ಖಾತೆ ಇರುತ್ತದೆ, ವಿಚಾರಿಸಿ.

2. ಬಡ್ಡಿಯಲ್ಲಿ ಎಷ್ಟು ಭಾಗ ಖರ್ಚಿಗೆ, ಎಷ್ಟು ಭಾಗ ಅಸಲಿಗೆ ಎಂದು ಬರೆಯಿರಿ. ಕನಿಷ್ಠ ಮೂರರಲ್ಲಿ ಒಂದು ಭಾಗ ಅಸಲಿಗೆ ಹೋಗಲಿ.

3. ವಾಯಿದೆ ಮುಗಿದಾಗ ತಾನಾಗಿಯೇ ನವೀಕರಣವಾಗುವಂತೆ ಬ್ಯಾಂಕಿಗೆ ಸೂಚನೆ ಕೊಡಿಸಿ. ಬ್ಯಾಂಕುಗಳು ಸಾಮಾನ್ಯವಾಗಿ ಹತ್ತು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಠೇವಣಿ ಪಡೆಯುವುದಿಲ್ಲ. ಶಾಶ್ವತ ಎಂದು ನಾವು ಅಂದುಕೊಂಡರೂ ರಸೀದಿಯ ಮೇಲೆ ಒಂದು ಕೊನೆಯ ದಿನಾಂಕ ಇದ್ದೇ ಇರುತ್ತದೆ.

4. ಮೊತ್ತ ದೊಡ್ಡದಾದರೆ ಒಂದೇ ಬ್ಯಾಂಕಿನಲ್ಲಿ ಇಡಬೇಡಿ. ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ 5 ಲಕ್ಷ ರೂಪಾಯಿಯವರೆಗೆ ಮಾತ್ರ. ಅರ್ಧ ಪರ್ಸೆಂಟ್ ಹೆಚ್ಚಿನ ಬಡ್ಡಿಯ ಆಸೆಗೆ ಗೊತ್ತಿಲ್ಲದ ಕಡೆ ಇಡಬೇಡಿ.

5. ಉದ್ದೇಶವನ್ನು ತೀರಾ ಬಿಗಿಯಾಗಿ ಬರೆಯಬೇಡಿ. "ಸ್ಲೇಟು ಬಳಪ ಕೊಡತಕ್ಕದ್ದು" ಎಂದು ಯಾರೋ ಬರೆದರೆ ಸ್ಲೇಟೇ ಇಲ್ಲದ ಕಾಲದಲ್ಲಿ ಏನು ಮಾಡುವುದು? "ಕಲಿಕೆಯ ಸಾಮಗ್ರಿ" ಎಂದರೆ ಸಾಕು. ಉದ್ದೇಶ ನಡೆಸಲು ಸಾಧ್ಯವಾಗದಿದ್ದರೆ ಅದಕ್ಕೆ ಹತ್ತಿರದ ಕೆಲಸಕ್ಕೆ ಬಳಸಬಹುದು ಎಂದೂ ಸೇರಿಸಿ.

6. ಮೂರು ಪ್ರತಿ ಮಾಡಿ. ಒಂದು ಸಂಸ್ಥೆಗೆ, ಒಂದು ಮನೆಗೆ, ಒಂದು ಕುಟುಂಬದ ಕಿರಿಯರೊಬ್ಬರ ಕೈಗೆ. ಶಾಲೆಯ ಗೋಡೆಯ ಮೇಲೆ ದತ್ತಿಗಳ ಹಲಗೆಯೊಂದಿದ್ದು, ಅದರಲ್ಲಿ ಮೊತ್ತ ಮತ್ತು ವಾಯಿದೆಯ ವರ್ಷ ಬರೆದಿದ್ದರೆ ಇನ್ನೂ ಒಳ್ಳೆಯದು. ಗೋಡೆಯ ಮೇಲಿರುವುದನ್ನು ಮರೆಯುವುದು ಕಷ್ಟ.

ಮಕ್ಕಳಿಗೊಂದು ಲೆಕ್ಕ

ಈ ಸಲ ನಾನು ನನ್ನ ಉಳಿತಾಯದಿಂದ 58,000 ರೂಪಾಯಿ ತೆಗೆದು ಹಳೆಯ ಎರಡು ಸಾವಿರಕ್ಕೆ ಸೇರಿಸಿದೆ. ಒಟ್ಟು 60,000. ಶಾಲೆಯವರ ಒಪ್ಪಿಗೆ ಪಡೆದು ದತ್ತಿಪತ್ರವನ್ನು ಹೊಸದಾಗಿ ಬರೆದೆವು. ಬಡ್ಡಿಯಲ್ಲಿ ಎರಡು ಭಾಗ ಬಹುಮಾನಕ್ಕೆ, ಒಂದು ಭಾಗ ಅಸಲಿಗೆ. ಬಡ್ಡಿ ಶೇಕಡಾ ಆರೂವರೆ ಎಂದಿಟ್ಟುಕೊಳ್ಳಿ. ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ.

ಮೊದಲ ವರ್ಷದ ಬಡ್ಡಿ 3,900 ರೂಪಾಯಿ. ಅದರಲ್ಲಿ 2,600 ಬಹುಮಾನಕ್ಕೆ. 1,300 ಅಸಲಿಗೆ ಸೇರಿ ಅಸಲು 61,300 ಆಗುತ್ತದೆ. ಎರಡನೇ ವರ್ಷ ಈ 61,300ಕ್ಕೆ ಬಡ್ಡಿ. ಹೀಗೇ ಹತ್ತು ವರ್ಷ ಮಾಡಿದರೆ ಅಸಲು ಸುಮಾರು 74,300 ರೂಪಾಯಿ ಆಗಿರುತ್ತದೆ. ಬಹುಮಾನ 3,200 ದಾಟಿರುತ್ತದೆ.

ಮೊಮ್ಮಗಳು ಜಾಣೆ. ತಕ್ಷಣ ಹಿಡಿದಳು: "ತಾತ, ಪೂರ್ತಿ ಬಡ್ಡಿ ಕೊಟ್ಟಿದ್ದರೆ ಮೊದಲ ವರ್ಷವೇ 3,900 ಸಿಗ್ತಿತ್ತಲ್ಲ! ನೀನು ಈಗಿನ ಹುಡುಗಿಯರಿಗೆ ಕಮ್ಮಿ ಕೊಡ್ತಿದ್ದೀಯ."

ಆ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. ಅವಳು ಹೇಳಿದ್ದು ನ್ಯಾಯವೇ. ಇಬ್ಬರೂ ಕುಳಿತು ವರ್ಷ ವರ್ಷದ ಲೆಕ್ಕ ಬರೆದೆವು. ಹತ್ತೊಂಬತ್ತು ಸಲ ಅಸಲಿಗೆ ಪಾಲು ಸೇರಿದ ಮೇಲೆ, ಇಪ್ಪತ್ತನೇ ವರ್ಷದ ಬಹುಮಾನ ಸುಮಾರು 3,907 ರೂಪಾಯಿ ಆಗುತ್ತದೆ. ಅಂದರೆ ಇಪ್ಪತ್ತನೇ ವರ್ಷದ ಹುಡುಗಿಯಿಂದ ಮುಂದಕ್ಕೆ ಎಲ್ಲರಿಗೂ 3,900ಕ್ಕಿಂತ ಹೆಚ್ಚು. ಅಷ್ಟರವರೆಗಿನ ಹತ್ತೊಂಬತ್ತು ಹುಡುಗಿಯರು ತಮಗೆ ಬರಬಹುದಾಗಿದ್ದುದರಲ್ಲಿ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ಮುಂದಿನವರಿಗೆ ದಾನ ಮಾಡಿದ ಹಾಗಾಯಿತು. ದಾನಿಗಳ ಹಲಗೆಯಲ್ಲಿ ಅವರ ಹೆಸರಿರುವುದಿಲ್ಲ, ಆದರೆ ಅವರೂ ದಾನಿಗಳೇ.

"ಆಗ ನಂಗೆ ಮೂವತ್ತೊಂದು ವರ್ಷ," ಎಂದಳು ಮೊಮ್ಮಗಳು. ನನಗೆ ಆಗ ತೊಂಬತ್ತನಾಲ್ಕು ಎಂದು ಅವಳು ಲೆಕ್ಕ ಹಾಕಿದಳೋ ಇಲ್ಲವೋ, ಹೇಳಲಿಲ್ಲ. ದತ್ತಿಪತ್ರದ ಮೂರನೇ ಪ್ರತಿಯನ್ನು ಅವಳ ಕೈಗೇ ಕೊಟ್ಟೆ. ಅವಳ ಬಣ್ಣದ ಪೆನ್ಸಿಲ್ ಡಬ್ಬದ ಕೆಳಗೆ ಇಟ್ಟುಕೊಂಡಿದ್ದಾಳೆ. ಅಸಲಿಗಿಂತ ಬಡ್ಡಿಯ ಮೇಲೆ ಪ್ರೀತಿ ಎಂದು ಮೊಮ್ಮಕ್ಕಳ ಬಗ್ಗೆ ಹಿರಿಯರು ಸುಮ್ಮನೆ ಹೇಳಿಲ್ಲ.

ಒಂದು ಮಾತನ್ನು ಮುಚ್ಚಿಡಬಾರದು. ಮೂರರಲ್ಲೊಂದು ಭಾಗ ಅಸಲಿಗೆ ಸೇರಿಸಿದ ಮಾತ್ರಕ್ಕೆ ಬೆಲೆಯೇರಿಕೆ ಪೂರ್ತಿ ಸೋಲುವುದಿಲ್ಲ. ಮಂದೆಯಲ್ಲಿ ಹುಟ್ಟುವ ಮರಿಗಳ ಜೊತೆಗೆ ಹೊರಗಿನಿಂದಲೂ ಆಗಾಗ ಒಂದೊಂದು ಕುರಿ ಬಂದು ಸೇರಬೇಕು. ಮಗುವಿನ ಹುಟ್ಟುಹಬ್ಬಕ್ಕೆ, ಮಗನಿಗೆ ಕೆಲಸ ಸಿಕ್ಕಿದ್ದಕ್ಕೆ, ಅಜ್ಜಿಯ ವರ್ಷಾಬ್ದಿಕಕ್ಕೆ ಐನೂರೋ ಸಾವಿರವೋ ಆ ಠೇವಣಿಗೆ ಸೇರಿಸುತ್ತಾ ಹೋದರೆ ದತ್ತಿ ಬದುಕುತ್ತದೆ. ಹತ್ತು ವರ್ಷ ತುಂಬಿದ ಮಕ್ಕಳು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ತಾವೇ ಉಳಿತಾಯ ಖಾತೆ ತೆರೆಯಬಹುದು. ಹಬ್ಬದ ಕಾಣಿಕೆಯಲ್ಲಿ ಒಂದು ಪಾಲು ಇದಕ್ಕೆಂದು ಅಲ್ಲಿ ಕೂಡಿಡಬಹುದು.

ಹೊಸ ದತ್ತಿಪತ್ರದ ಸುದ್ದಿಯನ್ನು ಮುಖ್ಯೋಪಾಧ್ಯಾಯಿನಿಯವರು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕಿದ್ದರಂತೆ. ಎರಡು ವಾರದ ನಂತರ ಒಬ್ಬ ಹೆಂಗಸು ನನಗೆ ಫೋನ್ ಮಾಡಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾರೆ, ಐವತ್ತು ದಾಟಿದೆ. "ಸಾರ್, 1983ರಲ್ಲಿ ನಿಮ್ಮ ತಾಯಿಯವರ ಬಹುಮಾನ ಮೊದಲು ತಗೊಂಡವಳು ನಾನು. ಆ ನಿಘಂಟು ಇನ್ನೂ ನಮ್ಮನೇಲಿದೆ, ನನ್ನ ಮಕ್ಕಳೂ ಅದನ್ನೇ ನೋಡಿ ಓದಿದ್ದು. ಮೊದಲ ಪುಟದಲ್ಲಿ ಅಮ್ಮನವರ ಹೆಸರಿದೆ" ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ನಾನೂ ಐದು ಸಾವಿರ ಸೇರಿಸಬಹುದಾ?" ಎಂದು ಕೇಳಿದರು.

ಮೇಲಿನ ಲೆಕ್ಕದಲ್ಲಿ ಆ ಐದು ಸಾವಿರ ಸೇರಿಲ್ಲ. ಅದನ್ನು ಸೇರಿಸಿ ಇಪ್ಪತ್ತನೇ ವರ್ಷದ ಬಹುಮಾನ ಎಷ್ಟಾಗುತ್ತದೆ ಎಂದು ಓದುಗ ಮಕ್ಕಳು ತಾವೇ ಲೆಕ್ಕ ಹಾಕಲಿ. ಹಾಕಿದ ಮೇಲೆ ಇನ್ನೊಂದು ಕೆಲಸ ಮಾಡಿ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ನಮ್ಮ ಮನೆಯವರು ಎಲ್ಲಾದರೂ ಯಾವತ್ತಾದರೂ ದತ್ತಿ ಇಟ್ಟಿದ್ದಾರೆಯೇ ಎಂದು. ಇದ್ದರೆ ಅದರ ರಸೀದಿ ಎಲ್ಲಿದೆ, ವಾಯಿದೆ ಯಾವತ್ತು ಎಂದು ನೋಡಿ ಬನ್ನಿ.